ಆರ್ಡರ್ಲಿ ಪುಸ್ತಕ: ಒಂದೇ ದಿನದ ಆದೇಶ ಎರಡು ಕಡೆ ಎರಡು ಥರ ಇದ್ದರೆ ಯಾವುದನ್ನು ನಂಬಬೇಕು?

ಮಸಿಕುಡಿಕೆ:

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಒಂದು ಆರ್ಡರ್ಲಿ ಪುಸ್ತಕದ ಚಿತ್ರಗಳನ್ನು ಇಟ್ಟುಕೊಂಡು ಪುಟಪುಟವಾಗಿ ಅಕ್ಷರಕ್ಕಿಳಿಸುತ್ತಿದ್ದೇನೆ. ಕಾಲ 1776ರ ಜುಲೈ, ಆಗಸ್ಟ್. ಜಾಗ ನ್ಯೂಯಾರ್ಕ್ ನಗರದ ಶಿಬಿರ. ದಿನದಿನದ ಸೇನಾ ಆದೇಶಗಳನ್ನು ಬರೆದಿಟ್ಟುಕೊಳ್ಳುವ ಪುಸ್ತಕ ಅನ್ನುವಷ್ಟು ಗೊತ್ತು. ಕೆಲವು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು, ಜುಲೈ 9ರ ಆದೇಶವನ್ನು ಫೌಂಡರ್ಸ್ ಆನ್‌ಲೈನ್ (ವಾಷಿಂಗ್ಟನ್ ಮೊದಲಾದವರ ಕಾಗದಪತ್ರಗಳಿರುವ ಜಾಲತಾಣ) ಪಠ್ಯದ ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ಕೋರ್ಟ್ ಮಾರ್ಷಲ್ ತೀರ್ಪು, ರೆಜಿಮೆಂಟಿಗೊಬ್ಬ ಪಾದ್ರಿಯ ನೇಮಕ, ಸಂಜೆ ಆರಕ್ಕೆ ಸ್ವಾತಂತ್ರ್ಯ ಘೋಷಣೆಯನ್ನು ಬ್ರಿಗೇಡುಗಳ ಮುಂದೆ ಓದಿಸುವ ಸೂಚನೆ ಎಲ್ಲ ಇವೆ. ಈ ಪುಸ್ತಕದಲ್ಲಿ ಪಾದ್ರಿಯ ಮಾತೇ ಇಲ್ಲ, ಘೋಷಣೆಯ ಭಾಗ ಎರಡೇ ಸಾಲು. ಬದಲಿಗೆ ಕೊನೆಯಲ್ಲಿ ಮಣ್ಣು ಕೆಲಸಕ್ಕೆ ಎಷ್ಟು ಆಳು ಬರಬೇಕು ಅನ್ನುವ ಪ್ಯಾರಾ ಇದೆ; ಅದು ಆ ತಾಣದಲ್ಲಿ ಇಲ್ಲ.

ಎರಡನೆಯದು, ಕೆಲವು ಪುಟಗಳಲ್ಲಿ ತಾರೀಖೇ ಇಲ್ಲ. ಮೇಲೆ ಎರಡು ಊರ ಹೆಸರು ಮಾತ್ರ ಇವೆ.

ಮೂರನೆಯದು, ಪುಸ್ತಕ ಯಾವ ರೆಜಿಮೆಂಟಿನದು ಅಂತ ಎಲ್ಲೂ ಬರೆದಿಲ್ಲ. 'ಕರ್ನಲ್ ಹೀಗೆ ಹೇಳಿದ್ದಾರೆ' ಅನ್ನುವ ಮಾತು ಬರುತ್ತದೆ, ಹೆಸರಿಲ್ಲ.

ಕೊನೆಗೆ, ಇದೇ ಬ್ರಿಗೇಡಿನ ಬೇರೆ ಪುಸ್ತಕಗಳನ್ನು ಎಲ್ಲಿ ಹುಡುಕಬೇಕು? ಬಲ್ಲವರು ತಿಳಿಸಿ.


ದಫ್ತರಕಟ್ಟು:

ಎರಡನ್ನೂ ನಂಬಬಹುದು, ಆದರೆ ಬೇರೆ ಬೇರೆ ವಿಷಯಕ್ಕೆ. ಅದಕ್ಕೆ ಈ ಪುಸ್ತಕ ಹೇಗೆ ತುಂಬುತ್ತಿತ್ತು ಅನ್ನುವುದು ಮೊದಲು ಗೊತ್ತಿರಬೇಕು.

ದಿನಾ ನಿಗದಿಯಾದ ಹೊತ್ತಿಗೆ ಪ್ರಧಾನ ಠಾಣೆಯಲ್ಲಿ ಅಡ್ಜುಟೆಂಟ್ ಜನರಲ್, ಅಂದರೆ ಇಡೀ ಸೇನೆಯ ಆದೇಶ, ದಾಖಲೆ ನೋಡಿಕೊಳ್ಳುವ ಅಧಿಕಾರಿ, ಆದೇಶ ಕೊಡುತ್ತಿದ್ದ. 1776ರ ಜುಲೈನಲ್ಲಿ ಆ ಹುದ್ದೆಯಲ್ಲಿದ್ದವನು ಜೋಸೆಫ್ ರೀಡ್. ಬ್ರಿಗೇಡ್ ಮೇಜರುಗಳು ಬಂದು ಬರೆದುಕೊಳ್ಳುತ್ತಿದ್ದರು. ಅವರು ತಮ್ಮ ಬ್ರಿಗೇಡಿಗೆ ಹೋಗಿ, ಬ್ರಿಗೇಡಿಯರ್ ಸೇರಿಸಿದ್ದನ್ನೂ ಕೂಡಿಸಿಕೊಂಡು, ರೆಜಿಮೆಂಟುಗಳ ಅಡ್ಜುಟೆಂಟರಿಗೆ ಬರೆಸುತ್ತಿದ್ದರು. ಅಡ್ಜುಟೆಂಟ್ ತನ್ನ ಕರ್ನಲ್‌ನ ಮಾತು ಸೇರಿಸಿ ಕಂಪನಿಗಳ ಸಾರ್ಜೆಂಟರಿಗೆ ಬರೆಸುತ್ತಿದ್ದ. ಸಾರ್ಜೆಂಟ್ ಅದನ್ನು ತನ್ನ ಕಂಪನಿಗೆ ಓದಿ ಹೇಳುತ್ತಿದ್ದ. ಹಾಗಾಗಿ ಕಂಪನಿ ಮಟ್ಟದ ಪುಸ್ತಕ ಅಂದರೆ ಮೂರು ನಾಲ್ಕು ಕೈ ದಾಟಿ ಬಂದ ಪ್ರತಿ. ಅದರಲ್ಲೂ ಬಹುಪಾಲು ಕಿವಿಯಿಂದ ಕೇಳಿ ಬರೆದದ್ದು.

ಕೇಳಿ ಬರೆದ ಪ್ರತಿಯ ತಪ್ಪೇ ಬೇರೆ, ನೋಡಿ ಬರೆದ ಪ್ರತಿಯ ತಪ್ಪೇ ಬೇರೆ. ಕೇಳಿ ಬರೆದಾಗ ಹೆಸರು ಕೆಡುತ್ತದೆ, ಕಾಗುಣಿತ ಉಚ್ಚಾರಣೆಯ ಹಿಂದೆ ಹೋಗುತ್ತದೆ, ವಾಕ್ಯದ ಬಾಲ ಮೊಟಕಾಗುತ್ತದೆ, ಏಕೆಂದರೆ ಓದುವವನು ಮುಂದಕ್ಕೆ ಹೋಗಿಬಿಟ್ಟಿರುತ್ತಾನೆ. ಸ್ಟೂಬೆನ್, ಪುಲಾಸ್ಕಿ, ಕೊಸ್ಸಿಯುಸ್ಕೊ ಇಂಥ ಹೆಸರುಗಳು ಪುಟಕ್ಕೊಂದು ವೇಷ ಹಾಕುವುದು ಇದಕ್ಕೇ. ನೋಡಿ ಬರೆದಾಗ ಹೆಸರು ಸರಿಯಿರುತ್ತದೆ, ಆದರೆ ಒಂದೇ ಪದ ಎರಡು ಸಾಲಲ್ಲಿ ಬಂದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ ನಡುವಿನ ಸಾಲೇ ಬಿಟ್ಟುಹೋಗುತ್ತದೆ. ನಿಮ್ಮ ಪುಸ್ತಕದಲ್ಲಿ ಯಾವ ಬಗೆಯ ತಪ್ಪು ಹೆಚ್ಚು ಅಂತ ಹತ್ತು ಪುಟ ಗಮನಿಸಿ. ಬರೆದವನು ಎಲ್ಲಿ ಕೂತು ಬರೆದ ಅನ್ನುವುದು ಸುಮಾರಾಗಿ ಗೊತ್ತಾಗುತ್ತದೆ. ಎಷ್ಟೋ ದಿನದ ಆದೇಶ ಒಂದೇ ಮಸಿ, ಒಂದೇ ಸಮನಾದ ಕೈಬರಹ, ತಿದ್ದುಪಡಿ ಇಲ್ಲ ಅಂದರೆ ಅದು ಆಮೇಲೆ ಪುರುಸೊತ್ತಿನಲ್ಲಿ ನಕಲು ಮಾಡಿದ ಪುಸ್ತಕ.

ಮೊಟಕುಗೊಳಿಸುವುದು ತಪ್ಪಲ್ಲ, ಪದ್ಧತಿ. ತನ್ನ ರೆಜಿಮೆಂಟಿಗೆ ಸಂಬಂಧವಿಲ್ಲದ ತೀರ್ಪು, ನೇಮಕ, ಸರಬರಾಜಿನ ಮಾತನ್ನು ಅಡ್ಜುಟೆಂಟ್ ಬಿಟ್ಟುಬಿಡುತ್ತಿದ್ದ. ಪಾದ್ರಿಯ ಪ್ಯಾರಾ ಬಿಟ್ಟಿರುವುದಕ್ಕೆ ಕಾರಣ ಹೀಗೇ ಏನೋ ಇರಬೇಕು. ಆ ಪ್ಯಾರಾದಲ್ಲಿ ತಿಂಗಳಿಗೆ 33 ಡಾಲರ್ ಮತ್ತು ಮೂರನೇ ಒಂದು ಭಾಗ ಅಂತ ಸಂಬಳ ಇದೆ. ಆ ಪ್ಯಾರಾವನ್ನು ಉಳಿಸಿಕೊಂಡ ಬೇರೆ ಪುಸ್ತಕಗಳಲ್ಲಿ ಆ ಭಿನ್ನರಾಶಿ ಇದೆಯೇ ನೋಡಿ. ಇಂಥ ಚಿಕ್ಕ ಅಂಕೆ ಉಳಿದಿದ್ದರೆ ಬರೆದವನು ಎಚ್ಚರದವನು ಅಂತ ಲೆಕ್ಕ.

ಇನ್ನು ಮಣ್ಣು ಕೆಲಸದ ಪ್ಯಾರಾ. ಅದು ಪ್ರಧಾನ ಠಾಣೆಯ ಆದೇಶ ಆಗಿರಬೇಕಿಲ್ಲ. ಅಂಚಿನಲ್ಲಿ ಜಿ.ಒ., ಬಿ.ಒ., ಆರ್.ಒ. ಅಂತ ಗುರುತಿದೆಯೇ ಹುಡುಕಿ: ಜನರಲ್, ಬ್ರಿಗೇಡ್, ರೆಜಿಮೆಂಟ್ ಆದೇಶಗಳು. ಎ.ಒ. ಅಂದರೆ ಅದೇ ದಿನ ಆಮೇಲೆ ಬಂದ ಆದೇಶ. ಗುರುತು ಹಾಕದೇ ಬಿಟ್ಟಿರುವುದೂ ಉಂಟು. ಆಗ ನಡುವೆ ಎಳೆದ ಗೆರೆ, ಮಸಿಯ ಬಣ್ಣ, ಕೊನೆಯ ಸಹಿ ನೋಡಬೇಕು. ಇಲ್ಲೊಂದು ಹಳ್ಳ ಇದೆ: 'ಜನರಲ್ ಅವರ ಅಪ್ಪಣೆ' ಅಂದ ಕೂಡಲೇ ಪ್ರಧಾನ ಸೇನಾಪತಿ ವಾಷಿಂಗ್ಟನ್ ಅಂತ ಓದಬೇಡಿ. ಬ್ರಿಗೇಡ್ ಆದೇಶದಲ್ಲಿ ಜನರಲ್ ಅಂದರೆ ಆ ಬ್ರಿಗೇಡಿಯರ್. ವಾಷಿಂಗ್ಟನ್ ಹೇಳದ ಮಾತನ್ನು ಅವನ ಬಾಯಿಗೆ ಹಾಕಿದ ಬರಹಗಳಿಗೆ ಮೂಲ ಇಂಥ ಓದೇ.

ಫೌಂಡರ್ಸ್ ಆನ್‌ಲೈನ್ ಪಠ್ಯವೂ ಆಕಾಶದಿಂದ ಇಳಿದದ್ದಲ್ಲ. ಕೆಳಗಿನ ಮೂಲ ಟಿಪ್ಪಣಿ ನೋಡಿ, ಜನರಲ್ ಆದೇಶಗಳಿಗೆ ಹೆಚ್ಚಾಗಿ 'ವ್ಯಾರಿಕ್ ಪ್ರತಿ' ಅಂತ ಇರುತ್ತದೆ. 1781ರಲ್ಲಿ ವಾಷಿಂಗ್ಟನ್ ರಿಚರ್ಡ್ ವ್ಯಾರಿಕ್ ಅನ್ನುವವನನ್ನು ಕಾಗದಪತ್ರಗಳ ಕಾರ್ಯದರ್ಶಿಯಾಗಿ ನೇಮಿಸಿದ. ಅವನು ಗುಮಾಸ್ತರನ್ನು ಇಟ್ಟುಕೊಂಡು ಪೊಕೀಪ್ಸಿಯಲ್ಲಿ ಕೂತು 1783ರ ತನಕ 44 ಸಂಪುಟ ನಕಲು ಮಾಡಿಸಿದ. ಅಂದವಾದ ಕೈ, ತಿದ್ದಿದ ಕಾಗುಣಿತ. ಆದರೆ 1776ರ ಆದೇಶಕ್ಕೆ ಅದು ಐದು ವರ್ಷದ ಮೇಲೆ ಆದ ನಕಲು. ವಾಷಿಂಗ್ಟನ್ ಏನು ಹೇಳಿದ ಅನ್ನುವುದಕ್ಕೆ ಅದನ್ನು ಆಧಾರ ಮಾಡಿಕೊಳ್ಳಿ. ಸಿಪಾಯಿಯ ಕಿವಿಗೆ ಏನು ಬಿತ್ತು ಅನ್ನುವುದಕ್ಕೆ ನಿಮ್ಮ ಪುಸ್ತಕವೇ ಆಧಾರ. ನಿಜ ಹೇಳಬೇಕೆಂದರೆ ಜನರಲ್ ಆದೇಶ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ನಿಮ್ಮ ಪುಸ್ತಕದ ಬೆಲೆ ಇರುವುದು ಬೇರೆಲ್ಲೂ ಇಲ್ಲದ ಆ ಮಣ್ಣು ಕೆಲಸದ ಪ್ಯಾರಾದಲ್ಲೇ.


ಕಾವಲುಕಟ್ಟೆ:

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಆ ಎರಡು ಊರ ಹೆಸರು ನಿಮಗೆ ಸಿಕ್ಕಿರುವ ಕೀಲಿ. ಮೊದಲನೆಯದು ಪೆರೋಲ್, ಎರಡನೆಯದು ಕೌಂಟರ್‌ಸೈನ್; ಎರಡೂ ಕಾವಲಿನವರು ತಮ್ಮವರನ್ನು ಗುರುತಿಸಲು ಬಳಸುತ್ತಿದ್ದ ಗುಟ್ಟಿನ ಮಾತು. ಪೆರೋಲ್ ಕಾವಲಿನ ಅಧಿಕಾರಿಗಳಿಗೆ ಮತ್ತು ಸುತ್ತು ಬರುವವರಿಗೆ; ಕೌಂಟರ್‌ಸೈನ್ ರಾತ್ರಿ ಪಹರೆ ದಾಟಬೇಕಾದವರಿಗೆ. ದಿನಕ್ಕೊಂದು ಜೋಡಿ. ಊರು, ನಾಡು, ಹೆಸರಾಂತ ವ್ಯಕ್ತಿಗಳ ಹೆಸರು ಹೆಚ್ಚು. 1776ರ ಜುಲೈ 9ರದು ಮ್ಯಾಂಚೆಸ್ಟರ್, ನಾರ್ಫೋಕ್. ನಿಮ್ಮ ಪುಟದಲ್ಲೂ ಅದೇ ಇದ್ದರೆ ಆ ದಿನ ಈ ಪಡೆ ಮುಖ್ಯ ಸೇನೆಯ ಆದೇಶ ಸರಪಳಿಯಲ್ಲೇ ಇತ್ತು ಅಂತ ಅರ್ಥ.

ತಾರೀಖಿಲ್ಲದ ಪುಟಕ್ಕೆ ಹೀಗೆ ಮಾಡಿ. ಮುಖ್ಯ ಸೇನೆಯ ಜನರಲ್ ಆದೇಶಗಳಿಂದ ಆ ಎರಡು ತಿಂಗಳ ಜೋಡಿಗಳನ್ನೆಲ್ಲ ಒಂದು ಪಟ್ಟಿಗೆ ಇಳಿಸಿ. ನಿಮ್ಮ ಪುಟದ ಜೋಡಿಯನ್ನು ಅದರಲ್ಲಿ ಹುಡುಕಿ. ಬರೀ ಪೆರೋಲ್ ಹೊಂದಿದರೆ ಸಾಲದು, ಒಂದೇ ಊರ ಹೆಸರು ಬೇರೆ ದಿನವೂ ಬರಬಹುದು. ಎರಡೂ ಹೊಂದಬೇಕು, ಹಿಂದುಮುಂದಿನ ಪುಟದ ತಾರೀಖಿಗೂ ಕೂಡಬೇಕು. ಜೋಡಿ ಎಲ್ಲೂ ಸಿಗದಿದ್ದರೆ ಕೆಲವು ಸಾಧ್ಯತೆಗಳಿವೆ: ಪಡೆ ಬೇರೆ ಕಡೆ ಬೇರ್ಪಟ್ಟಿತ್ತು, ಅಲ್ಲಿನ ಸೇನಾಧಿಕಾರಿ ತನ್ನದೇ ಜೋಡಿ ಕೊಟ್ಟ, ಅಥವಾ ಯಾರೋ ಶತ್ರುವಿನ ಕಡೆ ಓಡಿಹೋದ ಕಾರಣ ಸಂಜೆ ಜೋಡಿ ಬದಲಾಯಿತು, ಇಲ್ಲವೇ ಬರೆದವನು ತಪ್ಪು ಕೇಳಿಸಿಕೊಂಡ. ಉತ್ತರ ವಿಭಾಗದಲ್ಲಿ ಜನರಲ್ ಸ್ಕೈಲರ್, ಜನರಲ್ ಗೇಟ್ಸ್ ಕೆಳಗಿದ್ದ ಪಡೆಗಳ ಜೋಡಿ ಮುಖ್ಯ ಸೇನೆಯದಕ್ಕೆ ಹೊಂದುವುದಿಲ್ಲ. ಸತತವಾಗಿ ಹೊಂದದೇ ಹೋಗುವ ದಿನದಿಂದ ಪಡೆ ಬೇರೆ ಅಧಿಕಾರಿಯ ಕೈಕೆಳಗೆ ಹೋಯಿತು ಅಂತ ಊಹಿಸಬಹುದು. ಆಮೇಲೆ ಅದನ್ನು ಬೇರೆ ದಾಖಲೆಯಿಂದ ಗಟ್ಟಿಮಾಡಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ: 'ನಾಳೆಯ ದಿನಾಧಿಕಾರಿ' ಅಂತ ಹೆಸರಿದ್ದರೆ ಅವನ ಕೆಲಸ ಪುಟದ ತಾರೀಖಿನ ಮರುದಿನದ್ದು. ಕಾವಲಿನ ಪಟ್ಟಿಯೂ ಹಾಗೇ.

ರೆಜಿಮೆಂಟ್ ಪತ್ತೆಗೆ ಆ ಕಾವಲು ಪಟ್ಟಿಗಳೇ ಒಳ್ಳೆಯ ದಾರಿ. ಕ್ಯಾಪ್ಟನ್, ಸಬಾಲ್ಟರ್ನ್ (ಕ್ಯಾಪ್ಟನ್‌ಗಿಂತ ಕೆಳಗಿನ ಅಧಿಕಾರಿ), ಸಾರ್ಜೆಂಟ್, ಕಾರ್ಪೊರಲ್, ಡ್ರಮ್ ಮತ್ತು ಫೈಫ್ (ಸಣ್ಣ ಕೊಳಲು) ನುಡಿಸುವವರು, ಪ್ರೈವೇಟ್ ಅಂತ ಕಂಬಸಾಲುಗಳಿರುತ್ತವೆ. ಎಡಗಡೆ ಏನಿದೆ ನೋಡಿ. ಬ್ರಿಗೇಡುಗಳ ಹೆಸರಿದ್ದರೆ ಪುಸ್ತಕ ಮೇಲಿನ ಮಟ್ಟದ್ದು. ಕರ್ನಲ್‌ಗಳ ಹೆಸರಿದ್ದರೆ ಬ್ರಿಗೇಡಿನದು. ಕ್ಯಾಪ್ಟನ್‌ಗಳ ಹೆಸರಿದ್ದರೆ ರೆಜಿಮೆಂಟಿನದು, ಆ ಕ್ಯಾಪ್ಟನ್‌ಗಳನ್ನು ಹಾಜರಿ ಪಟ್ಟಿಗಳಲ್ಲಿ ಹುಡುಕಿದರೆ ಕೆಲಸ ಮುಗಿಯಿತು. ಮೂರು ನಾಲ್ಕು ಕ್ಯಾಪ್ಟನ್‌ಗಳು ಒಟ್ಟಿಗೆ ಒಂದೇ ರೆಜಿಮೆಂಟಿನಲ್ಲಿ ಸಿಗಬೇಕು. ಒಬ್ಬನ ಹೆಸರು ನೆಚ್ಚಿಕೊಂಡರೆ ಅದೇ ಹೆಸರಿನ ಇನ್ನೊಬ್ಬ ಇನ್ನೊಂದು ರಾಜ್ಯದ ಪಡೆಯಲ್ಲಿ ಎದ್ದುಬರುತ್ತಾನೆ.

ರೆಜಿಮೆಂಟುಗಳನ್ನು ಅಂದಿನವರು ಕರ್ನಲ್ ಹೆಸರಿನಿಂದಲೇ ಕರೆಯುತ್ತಿದ್ದರು, ಅಂಕೆಗಳು ನಡುನಡುವೆ ಬದಲಾದವು. ಉದಾಹರಣೆಗೆ ಕರ್ನಲ್ ಸ್ಟಾರ್ಕ್‌ನ ಪಡೆ 1775ರಲ್ಲಿ 1ನೇ ನ್ಯೂಹ್ಯಾಂಪ್‌ಶೈರ್, 1776ರ ಜನವರಿ 1ರಿಂದ 5ನೇ ಕಾಂಟಿನೆಂಟಲ್, 1777ರಲ್ಲಿ ಮತ್ತೆ 1ನೇ ನ್ಯೂಹ್ಯಾಂಪ್‌ಶೈರ್, ಅಷ್ಟರಲ್ಲಿ ಸ್ಟಾರ್ಕ್ ರಾಜೀನಾಮೆ ಕೊಟ್ಟು ಸಿಲ್ಲಿ ಕರ್ನಲ್ ಆಗಿದ್ದ. ಹೀಗಾಗಿ ನಿಮ್ಮ ಸೂಚಿಯಲ್ಲಿ ಅಂಕೆ, ಕರ್ನಲ್, ವರ್ಷ ಮೂರನ್ನೂ ಸೇರಿಸಿ ಬರೆಯಿರಿ.

ತಾರೀಖು ತಾಳೆ ನೋಡಲು ಇನ್ನೊಂದು ಗುರುತು ಶಿಕ್ಷೆಯ ಅಂಕೆ. 1775ರ ಸೇನಾ ನಿಯಮದಲ್ಲಿ ಚಾಟಿ ಏಟಿನ ಮಿತಿ 39. ಜುಲೈ 9ರ ಆದೇಶದಲ್ಲಿ ಮೆಕ್‌ಡೂಗಲ್ ಮತ್ತು ರಿಟ್ಜೆಮಾ ರೆಜಿಮೆಂಟುಗಳ ಇಬ್ಬರು ಓಡಿಹೋದವರಿಗೆ ಆಗಿದ್ದು ಅಷ್ಟೇ. (ಆ ಕರ್ನಲ್ ರಿಟ್ಜೆಮಾ ಆಮೇಲೆ ತಾನೇ ಬ್ರಿಟಿಷರ ಕಡೆ ಸೇರಿಕೊಂಡ.) 1776ರ ಸೆಪ್ಟೆಂಬರ್ 20ರಂದು ಕಾಂಗ್ರೆಸ್ ಒಪ್ಪಿದ ಹೊಸ ನಿಯಮದಲ್ಲಿ ಮಿತಿ 100ಕ್ಕೆ ಏರಿತು. ಹಾಗಾಗಿ ಜುಲೈ ಅಂತ ನೀವು ಗುರುತಿಸಿದ ಪುಟದಲ್ಲಿ 100 ಏಟು ಕಂಡರೆ ತಾರೀಖನ್ನೋ ನಿಮ್ಮ ಓದನ್ನೋ ಮತ್ತೊಮ್ಮೆ ಪರೀಕ್ಷಿಸಿ.


ಮಸಿಕುಡಿಕೆ:

ತುಂಬ ಉಪಕಾರವಾಯಿತು. ಎಡಗಡೆ ಕ್ಯಾಪ್ಟನ್‌ಗಳ ಹೆಸರೇ ಇವೆ, ಅಂದರೆ ರೆಜಿಮೆಂಟಿನದೇ. ಆದರೆ ಅರ್ಧಕ್ಕರ್ಧ ಪುಟಗಳಲ್ಲಿ ಮಸಿ ಕಂದಿದೆ, ಹಿಂದಿನ ಪುಟದ ಬರಹ ಮುಂದೆ ಇಣುಕುತ್ತದೆ, ಮತ್ತೆ ಕೊನೆಯ ಪುಟಗಳು ತಲೆಕೆಳಗಾಗಿವೆ. ಚಿತ್ರಗಳನ್ನು ಸರಿಮಾಡಿಕೊಳ್ಳುವ ಬಗೆ ಇದೆಯೇ?


ಸೀಳುಗರಿ:

ತಲೆಕೆಳಗಾದ ಪುಟ ಚಿತ್ರ ತೆಗೆದವರ ಎಡವಟ್ಟಲ್ಲ. ಕಾಗದಕ್ಕೆ ಬರ ಇದ್ದ ಕಾಲ. ಒಂದು ಕಡೆಯಿಂದ ಆದೇಶ, ಪುಸ್ತಕ ಮಗುಚಿ ಇನ್ನೊಂದು ಕಡೆಯಿಂದ ಕಂಪನಿಯ ಬಟ್ಟೆ, ಮದ್ದುಗುಂಡು, ಸಾಲದ ಲೆಕ್ಕ. ಯುದ್ಧ ಮುಗಿದ ಮೇಲೆ ಮನೆಯ ಲೆಕ್ಕವನ್ನೂ ಅದರಲ್ಲೇ ಬರೆದಿರುವುದುಂಟು. ಪುಟದ ಅಂಕೆ ಹಾಕುವಾಗ ಎರಡು ಸರಣಿ ಮಾಡಿ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಎರಡನ್ನೂ ಬೆರೆಸಿ ಒಂದೇ ಸಾಲಾಗಿ ಓದಿದರೆ ಆದೇಶದ ನಡುವೆ ಅಕ್ಕಸಾಲಿಗನ ಬಾಕಿ ಬಂದಂತೆ ಕಾಣುತ್ತದೆ.

ಮಸಿ ಕಬ್ಬಿಣದ ಲವಣ ಮತ್ತು ಮಾಚಿಕಾಯಿ ಸತ್ವದ್ದು. ಬರೆದಾಗ ಕಪ್ಪು, ಹಳೆಯದಾದಂತೆ ಕಂದು. ಕಂದು ಬಣ್ಣ ನೀಲಿ ಬೆಳಕನ್ನು ಹೆಚ್ಚು ಹೀರುತ್ತದೆ, ಅದಕ್ಕೇ ಬಣ್ಣದ ಚಿತ್ರವನ್ನು ಕೆಂಪು, ಹಸಿರು, ನೀಲಿ ಅಂತ ಬಿಡಿಸಿ ನೀಲಿ ಪದರ ಮಾತ್ರ ನೋಡಿದರೆ ಕಂದಿದ ಅಕ್ಷರ ಎದ್ದು ಕಾಣುತ್ತದೆ. ಗಿಂಪ್ ಅನ್ನುವ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕಲರ್ಸ್, ಕಾಂಪೊನೆಂಟ್ಸ್, ಡಿಕಂಪೋಸ್ ಅಂತ ಹೋದರೆ ಪದರಗಳು ಬೇರೆಯಾಗುತ್ತವೆ. ಆಮೇಲೆ ಲೆವೆಲ್ಸ್‌ನಲ್ಲಿ ಕಪ್ಪು ಮಿತಿಯನ್ನು ಸ್ವಲ್ಪವೇ ಒಳಗೆ ತನ್ನಿ. ಬಿಳಿ ಮಿತಿಯನ್ನು ಜಾಸ್ತಿ ಎಳೆದರೆ ತೆಳುವಾದ ಮೇಲ್ಗೆರೆಗಳು ಹಾರಿಹೋಗಿ 1 ಮತ್ತು 7 ಒಂದೇ ಆಗುತ್ತವೆ. ಒಂದು ಮಿತಿ: ಮೈಕ್ರೋಫಿಲ್ಮಿನಿಂದ ಮಾಡಿದ ಚಿತ್ರ ಕಪ್ಪುಬಿಳುಪು, ಅದರಲ್ಲಿ ಬಿಡಿಸಲು ಪದರವೇ ಇಲ್ಲ. ಮೂಲದ ಬಣ್ಣದ ಚಿತ್ರ ಸಿಗುತ್ತದೆಯೇ ಅಂತ ಮೊದಲು ವಿಚಾರಿಸಿ.

ಹಿಂದಿನ ಪುಟ ಇಣುಕುವುದಕ್ಕೆ: ಅದೇ ಹಾಳೆಯ ಹಿಂಬದಿಯ ಚಿತ್ರವನ್ನು ಎಡಬಲ ತಿರುಗಿಸಿ, ಇದರ ಮೇಲೆ ಪದರವಾಗಿಟ್ಟು, ಮೂಲೆಗಳನ್ನು ಹೊಂದಿಸಿ, ಅರೆಪಾರದರ್ಶಕ ಮಾಡಿ. ಯಾವ ಗೆರೆ ಯಾವ ಬದಿಯದು ಅಂತ ಕಣ್ಣಿಗೇ ತಿಳಿಯುತ್ತದೆ. ಅಳಿಸಿಹಾಕಲು ಹೋಗಬೇಡಿ, ಎರಡು ಬದಿಯ ಗೆರೆ ಕೂಡುವ ಕಡೆ ಅಕ್ಷರವೂ ಹೋಗುತ್ತದೆ.

ಕೈಬರಹ ಓದುವ ತಂತ್ರಾಂಶಗಳು, ಉದಾಹರಣೆಗೆ ಟ್ರಾನ್ಸ್‌ಕ್ರೈಬಸ್, ಓಡುವ ಗದ್ಯಕ್ಕೆ ಪರವಾಗಿಲ್ಲ. ಕಾವಲು ಪಟ್ಟಿಗಳಲ್ಲಿ ಅವು ಸಾಲು ಗುರುತಿಸುವುದರಲ್ಲೇ ಎಡವುತ್ತವೆ, ಅಂಕೆಗಳು ಪಕ್ಕದ ಕಂಬಕ್ಕೆ ಜಿಗಿಯುತ್ತವೆ. ಪಟ್ಟಿಗಳನ್ನು ಕೈಯಿಂದಲೇ ಇಳಿಸಿ, ಪ್ರತಿ ಕಂಬವನ್ನು ಕೂಡಿ ಕೆಳಗಿನ ಮೊತ್ತಕ್ಕೆ ತಾಳೆ ಹಾಕಿ. ಮೊತ್ತ ಹೊಂದದಿದ್ದರೆ ತಪ್ಪು ನಿಮ್ಮ ಓದಿನದೋ ಅಡ್ಜುಟೆಂಟನ ಲೆಕ್ಕದ್ದೋ ಅಂತ ನೋಡಿ, ಅವನದಾದರೆ ಇದ್ದ ಹಾಗೇ ಬಿಟ್ಟು ಪಕ್ಕದಲ್ಲಿ ಟಿಪ್ಪಣಿ ಹಾಕಿ.

ಅಕ್ಷರಗಳ ಮಾತು: ಪದದ ಆದಿ, ನಡುವಿನ ಉದ್ದ ಎಸ್ ನೋಡಲು ಎಫ್ ಥರ ಇರುತ್ತದೆ. ರೆಜಿಮೆಂಟ್, ಕ್ಯಾಪ್ಟನ್, ಸಾರ್ಜೆಂಟ್ ಎಲ್ಲ ಮೊಟಕು, ಕೊನೆಯ ಅಕ್ಷರ ಮೇಲಕ್ಕೆ ಏರಿಸಿದ್ದು. ಬಿಡಿಸಿ ಬರೆಯುವುದಾದರೆ ಸೇರಿಸಿದ ಅಕ್ಷರಗಳನ್ನು ಚೌಕ ಕಂಸದಲ್ಲಿ ಹಾಕಿ. 'ಈ ತಿಂಗಳು', 'ಹೋದ ತಿಂಗಳು' ಅನ್ನುವುದನ್ನು ಇನ್‌ಸ್ಟಂಟ್, ಅಲ್ಟಿಮೊ ಪದಗಳ ಮೊಟಕು ರೂಪದಲ್ಲಿ ಬರೆಯುತ್ತಿದ್ದರು. ತಿಂಗಳ ಮೊದಲ ವಾರದ ಪುಟಗಳಲ್ಲಿ ಇದನ್ನು ಗಮನಿಸದಿದ್ದರೆ ಘಟನೆ ಒಂದು ತಿಂಗಳು ಸರಿದುಹೋಗುತ್ತದೆ. ಕಾಗುಣಿತ ತಿದ್ದಬೇಡಿ. ದಫ್ತರಕಟ್ಟು ಹೇಳಿದ 'ಕೇಳಿ ಬರೆದದ್ದೋ ನೋಡಿ ಬರೆದದ್ದೋ' ಅನ್ನುವ ಪರೀಕ್ಷೆಗೆ ಆ ತಪ್ಪುಗಳೇ ಸಾಕ್ಷಿ.


ರೀಲುಸುರುಳಿ:

ಎಲ್ಲಿ ಹುಡುಕುವುದು ಅನ್ನುವುದಕ್ಕೆ ಬರುತ್ತೇನೆ. ಮೊದಲು ತಿಳಿಯಬೇಕಾದದ್ದು, ಈ ದಾಖಲೆ ಒಂದೇ ಕಡೆ ಇಲ್ಲದಿರುವುದಕ್ಕೆ ಕಾರಣವಿದೆ. 1800ರ ನವೆಂಬರ್ 8ರಂದು ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಅಲ್ಲಿದ್ದದ್ದು ಹೆಚ್ಚುಕಡಿಮೆ ಎಲ್ಲ ಸುಟ್ಟುಹೋಯಿತು. ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಆರ್‌ಜಿ 93 (ಆರ್‌ಜಿ ಅಂದರೆ ರೆಕಾರ್ಡ್ ಗ್ರೂಪ್, ದಾಖಲೆ ಗುಂಪು) ಅಂತ ಇರುವುದು ಆಮೇಲೆ ಕೂಡಿಹಾಕಿದ್ದು. 1873ರಲ್ಲಿ, ಯುದ್ಧಕಾಲದಲ್ಲಿ ಸೇನೆಯ ಸರಬರಾಜು ನೋಡಿಕೊಂಡಿದ್ದ ಟಿಮೊಥಿ ಪಿಕರಿಂಗ್, ಸ್ಯಾಮ್ಯುಯೆಲ್ ಹಾಜ್‌ಡನ್ ಅವರ ಕಾಗದಗಳನ್ನು ಸರ್ಕಾರ ಕೊಂಡಿತು. 1890ರ ದಶಕದಲ್ಲಿ ಬೇರೆ ಇಲಾಖೆಗಳಲ್ಲಿದ್ದ ಸೇನಾ ದಾಖಲೆ ಯುದ್ಧ ಇಲಾಖೆಗೆ ಬಂತು. ಉಳಿದ ಆರ್ಡರ್ಲಿ ಪುಸ್ತಕಗಳು ಸೈನ್ಯ ವಿಸರ್ಜನೆಯಾದಾಗ ಬರೆದವರ ಜೊತೆಗೇ ಊರಿಗೆ ಹೋದವು, ಮೊಮ್ಮಕ್ಕಳ ಕಾಲಕ್ಕೆ ಅಲ್ಲಲ್ಲಿನ ಇತಿಹಾಸ ಸಂಘಗಳಿಗೆ ಸೇರಿದವು.

ರಾಷ್ಟ್ರೀಯ ಪತ್ರಾಗಾರದ ಆರ್ಡರ್ಲಿ ಪುಸ್ತಕಗಳು ಎಂ 853 ಅನ್ನುವ ಮೈಕ್ರೋಫಿಲ್ಮ್ ಸರಣಿಯಲ್ಲಿವೆ, ಒಟ್ಟು 41 ಸುರುಳಿ. ಇದು ಬರೀ ಆದೇಶದ ಸರಣಿಯಲ್ಲ, ಸಂಬಳ, ಸರಬರಾಜಿನ ಪುಸ್ತಕಗಳೂ ಸೇರಿವೆ. ಹಾಜರಿ ಪಟ್ಟಿಗಳು ಎಂ 246ರಲ್ಲಿ, 138 ಸುರುಳಿ. ನಿಮ್ಮ ಕ್ಯಾಪ್ಟನ್‌ಗಳ ಹೆಸರು ತಾಳೆ ನೋಡಬೇಕಾದ್ದು ಇಲ್ಲೇ. ಎಂ 881 ಸಿಪಾಯಿಗೊಂದರಂತೆ ಮಾಡಿದ ಸೇವಾ ಚೀಟಿಗಳು. ಅವು ಪಟ್ಟಿಗಳಿಂದ ಒಂದು ಶತಮಾನದ ಮೇಲೆ ಗುಮಾಸ್ತರು ಎತ್ತಿ ಬರೆದದ್ದು, ಮೂಲದ ಬದಲಿಗೆ ಅವನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ. ಪಿಂಚಣಿ ಕಡತ ಎಂ 804ರಲ್ಲಿ, 2,670 ಸುರುಳಿ. 1832ರ ಕಾಯ್ದೆಯ ಕೆಳಗೆ ಅರ್ಜಿ ಹಾಕಿದ ಮುದುಕರು ತಾವು ಯಾವ ಕರ್ನಲ್ ಕೆಳಗೆ ಎಲ್ಲಿಂದ ಎಲ್ಲಿಗೆ ನಡೆದೆವು ಅಂತ ಪ್ರಮಾಣ ಮಾಡಿ ಹೇಳಿದ್ದಾರೆ. ಜಾಗಕ್ಕೆ ಅದು ಒಳ್ಳೆಯ ಸಾಕ್ಷಿ, ತಾರೀಖಿಗೆ ಬಡ ಸಾಕ್ಷಿ. ಐವತ್ತು ವರ್ಷದ ಹಿಂದಿನ ನೆನಪು.

ಪ್ರತಿ ತರಿಸುವುದಾದರೆ ಒಂದು ಗೊಂದಲ ತಪ್ಪಿಸಿಕೊಳ್ಳಿ. ಪತ್ರಾಗಾರದ ನಮೂನೆ 85 ಪಿಂಚಣಿ ಕಡತಕ್ಕೆ, ನಮೂನೆ 86 ಸೇವಾ ದಾಖಲೆಗೆ. ಎರಡರಿಂದಲೂ ಆರ್ಡರ್ಲಿ ಪುಸ್ತಕದ ಪುಟ ಬರುವುದಿಲ್ಲ. ಅದಕ್ಕೆ ದಾಖಲೆ ಗುಂಪು, ಸಂಪುಟದ ಅಂಕೆ, ಪುಟ ಹೇಳಿ ಬೇರೆಯಾಗಿಯೇ ಬರೆಯಬೇಕು. ಆನ್‌ಲೈನ್ ಕ್ಯಾಟಲಾಗಿನಲ್ಲಿ ಕಂಡ ಗುರುತಿನ ಅಂಕೆಯನ್ನೂ ಜೊತೆಗೆ ಕೊಡಿ.

ಲೈಬ್ರರಿ ಆಫ್ ಕಾಂಗ್ರೆಸ್‌ನ ವಾಷಿಂಗ್ಟನ್ ಕಾಗದಗಳು ಚಿತ್ರಸಮೇತ ಪುಕ್ಕಟೆ ಸಿಗುತ್ತವೆ. ಮೂರನೇ ಸರಣಿ ವ್ಯಾರಿಕ್ ಪ್ರತಿಗಳದು. ಆಮೇಲೆ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿ, ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ, ವೂಸ್ಟರ್‌ನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ, ವಾಷಿಂಗ್ಟನ್ನಿನ ಸೊಸೈಟಿ ಆಫ್ ದಿ ಸಿನ್ಸಿನಾಟಿ. ನಿಮ್ಮದು 1776ರ ನ್ಯೂಯಾರ್ಕ್ ಶಿಬಿರ ಆದ್ದರಿಂದ ಇವುಗಳಲ್ಲಿ ನ್ಯೂಯಾರ್ಕಿನದರಿಂದ ಶುರುಮಾಡಿ. ಎದುರುಪಕ್ಷದ ಪುಸ್ತಕ ಬೇಕಾದರೆ ಆನ್ ಆರ್ಬರ್‌ನ ಕ್ಲೆಮೆಂಟ್ಸ್ ಗ್ರಂಥಾಲಯದಲ್ಲಿ ಬ್ರಿಟಿಷ್ ಸೇನಾಪತಿಗಳಾದ ಗೇಜ್, ಕ್ಲಿಂಟನ್ ಅವರ ಕಾಗದಗಳಿವೆ, ಬ್ರಿಟನ್ನಿನ ಕ್ಯೂ ಪತ್ರಾಗಾರದಲ್ಲಿ ಡಬ್ಲ್ಯೂ.ಒ. 36 ಸರಣಿ ಇದೆ.

ಹುಡುಕುವಾಗ ರೆಜಿಮೆಂಟಿನ ಹೆಸರು ಹಾಕಿ ಏನೂ ಸಿಗದಿದ್ದರೆ ಸೋಲೊಪ್ಪಬೇಡಿ. ಗ್ರಂಥಾಲಯಗಳು ಈ ಪುಸ್ತಕಗಳನ್ನು ಬರೆದವನ ಹೆಸರಿನಲ್ಲಿ ಪಟ್ಟಿಮಾಡುತ್ತವೆ. ಅಡ್ಜುಟೆಂಟ್, ಬ್ರಿಗೇಡ್ ಮೇಜರ್, ಮೊದಲ ಸಾರ್ಜೆಂಟ್ ಯಾರು ಅಂತ ಹಾಜರಿ ಪಟ್ಟಿಯಿಂದ ಹೆಕ್ಕಿ ಆ ಹೆಸರುಗಳಲ್ಲಿ ಹುಡುಕಿ. ದಿನಚರಿ, ಲೆಕ್ಕದ ಪುಸ್ತಕ ಅಂತ ಪಟ್ಟಿಯಾದವುಗಳ ಒಳಗೂ ಆದೇಶ ಅಡಗಿರುತ್ತದೆ, ತಲೆಕೆಳಗಾದ ಪುಟಗಳ ಕಾರಣ ಸೀಳುಗರಿ ಹೇಳಿದ್ದೇ.


ಕಾವಲುಕಟ್ಟೆ:

ಇದೇ ಎಳೆಯನ್ನು 1812ರ ಯುದ್ಧಕ್ಕೆ (ಅಮೆರಿಕ, ಬ್ರಿಟನ್ ನಡುವೆ ಮತ್ತೆ ನಡೆದದ್ದು) ಹುಡುಕಿಕೊಂಡು ಬರುವವರಿಗೆ ಎರಡು ಮಾತು. ಅಲ್ಲಿ ಜಾಗ ಬೇರೆ: ಆರ್‌ಜಿ 94 ಅಡ್ಜುಟೆಂಟ್ ಜನರಲ್ ಕಚೇರಿಯದು, ಆರ್‌ಜಿ 98 ಸೇನಾ ಕಮಾಂಡುಗಳದು, 1784ರಿಂದ 1821ರ ತನಕ. ಯುದ್ಧ ಇಲಾಖೆಯ ಜನರಲ್ ಆದೇಶ ಮತ್ತು ಸುತ್ತೋಲೆಗಳು 1809ರಿಂದ 1860ರ ವರೆಗೆ ಎಂ 1094ರಲ್ಲಿ. 1813ರಲ್ಲಿ ದೇಶವನ್ನು ಒಂಬತ್ತು ಸೇನಾ ಜಿಲ್ಲೆಗಳಾಗಿ ಹಂಚಿದರು, 1814ರ ಜುಲೈನಲ್ಲಿ ಹತ್ತನೆಯದು ಬಂತು, ಆದ್ದರಿಂದ ರೆಜಿಮೆಂಟಿಗಿಂತ ಮೊದಲು ಜಿಲ್ಲೆ ಗೊತ್ತುಮಾಡಿಕೊಳ್ಳಬೇಕು. 1815ರಲ್ಲಿ ಪಡೆಗಳನ್ನು ಒಗ್ಗೂಡಿಸಿ ಅಂಕೆ ಬದಲಾಯಿಸಿದರು: 11, 25, 27, 29, 37ನೇ ರೆಜಿಮೆಂಟುಗಳು ಸೇರಿ ಹೊಸ 6ನೆಯದಾಯಿತು. 1814ರ 6ನೆಯದಕ್ಕೂ 1816ರ 6ನೆಯದಕ್ಕೂ ನಂಟಿಲ್ಲ.

ಈ ಎರಡು ಯುದ್ಧಗಳ ನಡುವಿನ ಜನರಲ್ ವೇಯ್ನ್‌ನ ದಂಡಿಗೆ, ಅಂದರೆ 1792ರಿಂದ 1796ರ ವರೆಗೆ, ರೆಜಿಮೆಂಟ್ ಅಂತ ಹುಡುಕಲೇಬೇಡಿ. ಆಗ ಇದ್ದದ್ದು ನಾಲ್ಕು ಸಬ್-ಲೀಜನ್‌ಗಳು. ಹಿಂದಕ್ಕೆ 1745ರ ಲೂಯಿಬರ್ಗ್ ದಂಡಯಾತ್ರೆಯ ಪುಸ್ತಕ ಸಿಕ್ಕರೆ ತಾರೀಖು ಹಳೆ ಪಂಚಾಂಗದ್ದು, 11 ದಿನ ಹಿಂದೆ, ಹೊಸ ವರ್ಷ ಮಾರ್ಚ್ 25ಕ್ಕೆ. ಬ್ರಿಟಿಷ್ ವಸಾಹತುಗಳಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ 14 ಆದಮೇಲೆ ಈ ತಲೆನೋವಿಲ್ಲ.


ಹೆಜ್ಜೆಸಾಲು:

ದಫ್ತರಕಟ್ಟು ಅವರ ಒಂದು ಮಾತಿಗೆ ನನ್ನ ತಕರಾರಿದೆ. ಸಂಬಂಧವಿಲ್ಲದ್ದನ್ನು ಬಿಡುತ್ತಿದ್ದರು ಅನ್ನುವುದು ಸರಿ, ಆದರೆ ಬಿಟ್ಟಿದ್ದೆಲ್ಲ ಸಂಬಂಧವಿಲ್ಲದ್ದು ಅಂತ ಹಿಡಿಯಬಾರದು. ಪಾದ್ರಿಯ ಆದೇಶ ಪ್ರತಿ ರೆಜಿಮೆಂಟಿಗೂ ಅನ್ವಯಿಸುವಂಥದ್ದು. ಅದು ಇಲ್ಲ ಅಂದರೆ ಬರೆಯುವವನ ಸೋಮಾರಿತನ ಇರಬಹುದು, ಬ್ರಿಗೇಡ್ ಮೇಜರನೇ ಬರೆಸದೆ ಬಿಟ್ಟಿರಬಹುದು. ತಿಳಿಯುವ ದಾರಿ ಒಂದೇ: ಅದೇ ಬ್ರಿಗೇಡಿನ ಇನ್ನೊಂದು ರೆಜಿಮೆಂಟಿನ ಪುಸ್ತಕ. ಎರಡರಲ್ಲೂ ಅದೇ ಪ್ಯಾರಾ ಕಾಣೆಯಾಗಿದ್ದರೆ ಸೋರಿದ್ದು ಬ್ರಿಗೇಡಿನಲ್ಲಿ. ಒಂದರಲ್ಲಿ ಮಾತ್ರ ಕಾಣೆ ಅಂದರೆ ರೆಜಿಮೆಂಟಿನಲ್ಲಿ. ಪ್ಯಾರಾ ಕಾಣೆಯಾಗುವುದು ಬೇರೆ, ಇಡೀ ದಿನವೇ ಕಾಣೆಯಾಗುವುದು ಬೇರೆ. ದಿನಗಟ್ಟಲೆ ಖಾಲಿ ಇದ್ದರೆ ಪಡೆ ನಡಿಗೆಯಲ್ಲಿತ್ತೋ, ಹೊರಠಾಣೆಗೆ ಹೋಗಿತ್ತೋ, ಹಾಳೆ ಹರಿದಿದೆಯೋ ನೋಡಬೇಕು. ಹೊಲಿಗೆಯ ಹತ್ತಿರ ಹರಿದ ಹಾಳೆಯ ಚೂರು ಉಳಿದಿರುತ್ತದೆ. ಚಿತ್ರದಲ್ಲಿ ಅಂಚು ಕತ್ತರಿಸಿದ್ದರೆ ಅಂಚುಸಮೇತದ ಚಿತ್ರ ಕೇಳಿ. ಆಗಸ್ಟ್ 27ರ ಲಾಂಗ್ ಐಲ್ಯಾಂಡ್ ಕಾಳಗದ ಆಚೀಚೆಯ ಪುಟಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಿ.

ಮತ್ತೆ, ಆದೇಶ ಇದೆ ಅಂದ ಮಾತ್ರಕ್ಕೆ ಕೆಲಸ ಆಯಿತು ಅಂತಲ್ಲ. ಮುಂಜಾನೆ ಹೊರಡಬೇಕು ಅಂತ ಬರೆದ ಪುಟದ ಕೆಳಗೇ ಎ.ಒ. ಅಂತ ಅದನ್ನು ರದ್ದುಮಾಡಿದ ಸಾಲು ಬರಬಹುದು, ಕೆಲವೊಮ್ಮೆ ಮುಂದಿನ ಪುಟದಲ್ಲಿ. ಒಂದೇ ಆದೇಶ ವಾರಕ್ಕೊಮ್ಮೆ ಮತ್ತೆ ಮತ್ತೆ ಬರುತ್ತಿದ್ದರೆ, ಶಿಬಿರದ ಸ್ವಚ್ಛತೆ, ಗುಂಡು ಸುಮ್ಮನೆ ಹಾರಿಸಬಾರದು ಇಂಥವು, ಅದನ್ನು ಯಾರೂ ಪಾಲಿಸುತ್ತಿರಲಿಲ್ಲ ಅನ್ನುವುದಕ್ಕೆ ಅದೇ ಗುರುತು.

ಮಸಿಕುಡಿಕೆಯವರೇ, ಅಕ್ಷರಕ್ಕಿಳಿಸುವಾಗಲೇ ಪಕ್ಕದಲ್ಲಿ ಒಂದು ಕೋಷ್ಟಕ ಇಟ್ಟುಕೊಳ್ಳಿ: ತಾರೀಖು, ಪೆರೋಲ್, ಕೌಂಟರ್‌ಸೈನ್, ಆದೇಶದ ಮಟ್ಟ, ಮುಖ್ಯ ಸೇನೆಯ ಪಠ್ಯಕ್ಕೆ ಹೋಲಿಸಿದರೆ ಬಿಟ್ಟದ್ದು, ಸೇರಿಸಿದ್ದು, ಚಿತ್ರದ ಅಂಕೆ. ಮಟ್ಟ ಖಚಿತವಿಲ್ಲದ ಕಡೆ ಪ್ರಶ್ನಾರ್ಥಕ ಹಾಕಿ ಮುಂದೆ ಹೋಗಿ. ಆ ಮಣ್ಣು ಕೆಲಸದ ಪ್ಯಾರಾಕ್ಕೂ ಸದ್ಯಕ್ಕೆ ಪ್ರಶ್ನಾರ್ಥಕವೇ ಇರಲಿ. ಎಷ್ಟು ಆಳು ಅಂತ ಅದರಲ್ಲಿ ಇದೆಯಲ್ಲ, ಆ ಮೊತ್ತ ಕ್ಯಾಪ್ಟನ್‌ಗಳ ನಡುವೆ ಹಂಚಿದ್ದಾರೋ ಕರ್ನಲ್‌ಗಳ ನಡುವೆಯೋ ನೋಡಿ ತಿಳಿಸಿ.